ಬೆಳ್ಳಿಯ ಮುಚ್ಚಳದ ಮೇಲಿನ ಕೋಟೆಗಳು

ಕಾಸರಗೋಡಿನ ನೀರ್ಚಾಲಿನ ಹತ್ತಿರದ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ, ಎಲೆ ತಟ್ಟೆಯ ಪಕ್ಕದಲ್ಲಿ, ಅಡಿಕೆ ಹೋಳು ತುಂಬಿಸಿಡುವ ಚಪ್ಪಟೆಯಾದ ಒಂದು ಬೆಳ್ಳಿಯ ಡಬ್ಬಿ ಇರುತ್ತಿತ್ತು. ಅದು ಸಿಗರೇಟಿಗಾಗಿ ಮಾಡಿದ ಪೆಟ್ಟಿಗೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮನೆಯವರೆಲ್ಲರೂ ಅದನ್ನು ‘ಅಬಾದಾನಿನ ಡಬ್ಬಿ’ ಎನ್ನುತ್ತಿದ್ದರು. ಅಜ್ಜನ ತಮ್ಮ ಅಬಾದಾನಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು, 1951ರಲ್ಲಿ ಇರಾನ್ ಸರಕಾರ ತೈಲೋದ್ಯಮವನ್ನು ರಾಷ್ಟ್ರೀಕರಿಸಿದ ವರ್ಷ ಊರಿಗೆ ಮರಳಿದವರು. ಅವರು ತಂದ ಸಾಮಾನುಗಳಲ್ಲಿ ಮುರಿಯದೆ, ಕಳೆಯದೆ, ಕರಗದೆ ಉಳಿದದ್ದು ಇದೊಂದೇ.

ಮುಚ್ಚಳದ ಮೇಲೆ ಕಪ್ಪು ಗೆರೆಗಳಲ್ಲಿ ಒಂದು ಭಾರೀ ಕಮಾನಿನ ಚಿತ್ರವಿದೆ. ಕಮಾನಿನ ಎಡಗಡೆಗೆ, ಸಾಲುಸಾಲಾಗಿ ಸಣ್ಣ ಕಮಾನುಗಳನ್ನು ಕೊರೆದಂತಿರುವ ಎತ್ತರದ ಗೋಡೆ. ಬಲಗಡೆಗೆ ಏನೂ ಇಲ್ಲ, ಒಂದು ಖರ್ಜೂರದ ಮರ ಮಾತ್ರ. ಬಲಗಡೆಯೂ ಇರಬೇಕಾಗಿದ್ದ ಗೋಡೆಯನ್ನು ಕೆತ್ತಲು ಉದಾಸೀನವಾಗಿ ಕೆಲಸಗಾರ ಒಂದು ಮರವನ್ನು ನೆಟ್ಟು ಕೈತೊಳೆದುಕೊಂಡಿದ್ದಾನೆ ಎಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಆ ಕಮಾನು ಬಾಗ್ದಾದಿನ ದಕ್ಷಿಣಕ್ಕೆ, ಟೈಗ್ರಿಸ್ ನದಿಯ ಬಳಿ, ಟೆಸಿಫೋನ್ ಎಂಬ ಪುರಾತನ ರಾಜಧಾನಿಯಲ್ಲಿ ಉಳಿದಿರುವ, ಪರ್ಷಿಯಾದ ಸಾಸಾನಿಯನ್ ವಂಶದ ಅರಸರ ಅರಮನೆಯ ಭಾಗ. ಅರಬರು ಅದನ್ನು ತಾಕ್ ಕಿಸ್ರಾ ಎನ್ನುತ್ತಾರೆ. ಕಬ್ಬಿಣದ ಆಸರೆಯಿಲ್ಲದೆ ಬರಿಯ ಇಟ್ಟಿಗೆಯಿಂದ ಕಟ್ಟಿದ, ಸುಮಾರು 25 ಮೀಟರ್ ಅಗಲದ, 37 ಮೀಟರಿನಷ್ಟು ಎತ್ತರದ ಆ ಕಮಾನಿನ ಎರಡೂ ಮಗ್ಗುಲಲ್ಲಿ ಒಂದು ಕಾಲಕ್ಕೆ ಗೋಡೆಗಳಿದ್ದವು. 1888ರ ನೆರೆಯಲ್ಲಿ ಬಲಗಡೆಯದು ಕುಸಿದು ಬಿತ್ತು. ಇದನ್ನು ಓದಿದ ರಾತ್ರಿ ಡಬ್ಬಿಯನ್ನು ಮತ್ತೆ ತೆಗೆದು ದೀಪದ ಕೆಳಗೆ ಹಿಡಿದೆ. ಕೆಲಸಗಾರ ಸೋಮಾರಿಯಾಗಿರಲಿಲ್ಲ, ಕಂಡದ್ದನ್ನೇ ಕೆತ್ತಿದ್ದ. ಖಾಲಿ ಕಂಡ ಆ ಜಾಗ, ಈ ಡಬ್ಬಿ 1888ಕ್ಕಿಂತ ಈಚಿನದು ಎಂದು ಹೇಳುವ ಸಾಕ್ಷಿಯಾಗಿತ್ತು. ಹಳೆಯ ಬೆಳ್ಳಿಯ ಡಬ್ಬಿಗಳನ್ನು, ಅದರಲ್ಲೂ ಪ್ರಸಿದ್ಧ ಕಟ್ಟಡಗಳ ಚಿತ್ರವಿರುವವನ್ನು ಮಾತ್ರ ಸಂಗ್ರಹಿಸುವ ಹುಚ್ಚು ನನಗೆ ಹಿಡಿದದ್ದು ಆ ರಾತ್ರಿಯಿಂದ. ಈಗ ನನ್ನಲ್ಲಿ ಹನ್ನೊಂದು ಇವೆ. ದೊಡ್ಡ ಸಂಗ್ರಹವೆಂದು ಹೇಳುವ ಹಾಗಿಲ್ಲ, ಆದರೆ ಒಂದೊಂದರ ಜೊತೆಗೂ ಸಾಕಷ್ಟು ಜಗಳವಾಡಿದ್ದೇನೆ.

ಅಬಾದಾನಿನ ಡಬ್ಬಿಯ ಜೊತೆಗಿನ ಜಗಳ ಹದಿನಾರನೆಯ ವಯಸ್ಸಿನಲ್ಲೇ ಆರಂಭವಾಗಿತ್ತು. ಒಂದು ದೀಪಾವಳಿಯ ಮುನ್ನಾದಿನ ಮನೆಯ ಪಾತ್ರೆಗಳನ್ನೆಲ್ಲ ಬೆಳಗುವಾಗ, ಗೆರೆಗಳಲ್ಲಿ ಕುಳಿತ ಕಪ್ಪನ್ನು ಕೊಳೆಯೆಂದು ಭ್ರಮಿಸಿ, ಹುಣಸೆಹುಳಿ ಮತ್ತು ಬೂದಿ ಹಾಕಿ ಮಧ್ಯಾಹ್ನದವರೆಗೆ ತಿಕ್ಕಿದ್ದೆ. ಬೆಳ್ಳಿ ಹೊಳೆಯಿತು, ಕಪ್ಪು ಹೋಗಲಿಲ್ಲ. ಕೆಲವು ವರ್ಷಗಳ ಬಳಿಕ ಪೇಟೆಯ ಒಂದು ಅಂಗಡಿಯಲ್ಲಿ, ಬೆಳ್ಳಿಯನ್ನು ಮುಳುಗಿಸಿ ತೆಗೆದರೆ ಕ್ಷಣದಲ್ಲಿ ಬೆಳ್ಳಗಾಗುವ ದ್ರಾವಣವೊಂದಿದೆ ಎಂದು ಹೇಳಿ, ನನ್ನ ಒಪ್ಪಿಗೆಗೂ ಕಾಯದೆ ಮುಳುಗಿಸಿಯೇ ಬಿಟ್ಟರು. ಒಂದು ಮೂಲೆಯಲ್ಲಿದ್ದ ಒಂಟೆಯ ಕಾಲುಗಳು ಮಸುಕಾದದ್ದು ಆಗಲೇ. ಗಾಬರಿಯಿಂದ ಅದನ್ನು ನಮ್ಮ ಊರಿನ ಆಚಾರಿಯವರಲ್ಲಿಗೆ ಕೊಂಡುಹೋದೆ. ಅವರು ಕನ್ನಡಕ ಏರಿಸಿ, ಉಗುರಿನಿಂದ ಗೆರೆಯನ್ನು ಮುಟ್ಟಿ ನೋಡಿ ಹೇಳಿದರು: “ಇದು ಕಪ್ಪು ಹಿಡಿದದ್ದಲ್ಲ ಮಾರಾಯ್ರೆ, ತುಂಬಿಸಿದ್ದು. ಉಜ್ಜಿದರೆ ಹೋಗುವುದಲ್ಲ, ಹೋದರೆ ಮತ್ತೆ ಬರುವುದೂ ಅಲ್ಲ.”

ಅವರು ನೋಡಿದ ಮಾತ್ರಕ್ಕೆ ಹೇಳಿದ್ದು ಸರಿಯಾಗಿತ್ತು. ಬೆಳ್ಳಿ, ತಾಮ್ರ, ಸೀಸ ಇವುಗಳನ್ನು ಗಂಧಕದೊಡನೆ ಕರಗಿಸಿದಾಗ ಕಡುಕಪ್ಪಾದ, ಕೂಡಲೇ ಪುಡಿಯಾಗುವ ಒಂದು ವಸ್ತು ಸಿಗುತ್ತದೆ. ಅದಕ್ಕೆ ನಿಯೆಲ್ಲೊ ಎಂದು ಹೆಸರು. ಬೆಳ್ಳಿಯ ತಗಡಿನಲ್ಲಿ ಉಳಿಯಿಂದ ಚಿತ್ರವನ್ನು ಕೊರೆದು, ಆ ಪುಡಿಯನ್ನು ಗೆರೆಗಳಲ್ಲಿ ತುಂಬಿಸಿ, ಬೆಂಕಿಗೆ ಹಿಡಿದು ಕರಗಿಸಿ, ತಣಿದ ಮೇಲೆ ಮೇಲ್ಮೈಯನ್ನು ಅರದಿಂದ ಸಮಮಾಡಿ ಹೊಳಪು ಕೊಟ್ಟರೆ ಬಿಳಿಯ ಮೇಲೆ ಕಪ್ಪಿನ ಚಿತ್ರ ನಿಲ್ಲುತ್ತದೆ. ಬೆಳ್ಳಿಗೆ ಗಾಳಿಯಿಂದ ಹಿಡಿಯುವ ಕಪ್ಪೂ ಗಂಧಕದ ಸಂಯುಕ್ತವೇ ಆದುದರಿಂದ, ಕೊಳೆಯನ್ನು ಕರಗಿಸುವ ದ್ರಾವಣಕ್ಕೆ ಚಿತ್ರಕ್ಕೂ ಕೊಳೆಗೂ ಇರುವ ಭೇದ ತಿಳಿಯುವುದಿಲ್ಲ. ಇರಾಕಿನಲ್ಲಿ ಈ ಕೆಲಸದಲ್ಲಿ ಕೈ ಪಳಗಿದವರು ಮಾಂಡಿಯನ್ನರು ಎಂಬ ಸಣ್ಣ ಸಮುದಾಯದವರು. ಸ್ನಾನಿಕ ಯೋಹಾನನನ್ನು ಗೌರವಿಸುವ, ಹರಿಯುವ ನೀರಿನಲ್ಲಿ ಮುಳುಗುವುದನ್ನೇ ಮುಖ್ಯ ಆಚಾರವನ್ನಾಗಿ ಉಳ್ಳ ಈ ಜನ ನದಿಯ ದಡವನ್ನು ಬಿಟ್ಟು ದೂರ ನೆಲಸಿದವರಲ್ಲ. ಟೈಗ್ರಿಸ್ ದಡದ ಅಮಾರ ಪಟ್ಟಣ ಅವರ ಬೆಳ್ಳಿಯ ಕೆಲಸಕ್ಕೆ ಹೆಸರಾಗಿತ್ತು. ಮೊದಲ ಮಹಾಯುದ್ಧದಲ್ಲಿ ಬಸ್ರಾದಿಂದ ಮೇಲಕ್ಕೆ ಸಾಗಿದ ಬ್ರಿಟಿಷ್ ಮತ್ತು ಭಾರತೀಯ ಸೈನ್ಯ 1915ರ ಜೂನಿನಲ್ಲಿ ಅಮಾರವನ್ನೂ, ಕೂತ್‌ನಲ್ಲಿ ತುರ್ಕಿ ಸೈನ್ಯಕ್ಕೆ ಶರಣಾದ ಅವಮಾನದ ಬಳಿಕ 1917ರ ಮಾರ್ಚಿನಲ್ಲಿ ಬಾಗ್ದಾದನ್ನೂ ಹಿಡಿಯಿತು. ಊರಿಗೆ ಮರಳುವಾಗ ಏನನ್ನಾದರೂ ಕೊಂಡೊಯ್ಯಬೇಕೆಂಬ ಸಿಪಾಯಿಗಳಿಗಾಗಿ ಸಿಗರೇಟಿನ ಪೆಟ್ಟಿಗೆಗಳು, ಅವುಗಳ ಮೇಲೆ ತಾಕ್ ಕಿಸ್ರಾ, ಒಂಟೆಯ ಸಾಲು, ಬುಟ್ಟಿಯಂತೆ ಗುಂಡಗಿರುವ ದೋಣಿ ಇವೆಲ್ಲ ಬಂದವು. ಅದೇ ಕಮಾನಿನ ಆಸುಪಾಸಿನಲ್ಲಿ 1915ರ ನವಂಬರಿನಲ್ಲಿ ಯುದ್ಧವೂ ನಡೆದಿತ್ತು. ಆದುದರಿಂದ ಕೊಂಡವರಲ್ಲಿ ಎಷ್ಟೋ ಮಂದಿಗೆ ಆ ಚಿತ್ರ ಪ್ರವಾಸದ ನೆನಪಾಗಿರಲಿಲ್ಲ. ನಮ್ಮ ಡಬ್ಬಿಯ ಒಳಗಡೆ ಅರಬಿಯಲ್ಲಿ ಒಂದು ಸಹಿಯಿದೆ. ತಳಂಗರೆಯ ಸ್ನೇಹಿತರೊಬ್ಬರು ಅದನ್ನು ಓದಲು ಯತ್ನಿಸಿದರು. ಹೆಸರಿನ ಭಾಗ ಅಡಿಕೆಯ ಉಜ್ಜಾಟಕ್ಕೆ ಸವೆದು ಹೋಗಿದ್ದು, ‘ಅಮಾರ’ ಎಂಬುದಷ್ಟೇ ಅವರ ಕಣ್ಣಿಗೆ ಸಿಕ್ಕಿತು.

ಈ ಜಾತಿಯ ಸಂಗ್ರಹ ಮಾಡುವ ಹೊರದೇಶದವರಲ್ಲಿ ಹೆಚ್ಚಿನವರಿಗೆ ಇಷ್ಟವಾದದ್ದು ಇರಾಕಿನ ಡಬ್ಬಿಯಲ್ಲ, ಬರ್ಮಿಂಗ್‌ಹ್ಯಾಮಿನದು. ಹತ್ತೊಂಬತ್ತನೆಯ ಶತಮಾನದ ಎರಡನೆಯ ಕಾಲುಭಾಗದಲ್ಲಿ ಅಲ್ಲಿ ತಯಾರಾದ, ಮುಚ್ಚಳದ ಮೇಲೆ ಕೋಟೆ, ಅರಮನೆ, ಇಗರ್ಜಿಗಳ ಉಬ್ಬುಚಿತ್ರವಿರುವ ಪುಟ್ಟ ಪೆಟ್ಟಿಗೆಗಳಿಗೆ ‘ಕ್ಯಾಸಲ್ ಟಾಪ್’ ಎಂಬ ಅಡ್ಡಹೆಸರೇ ಬಿದ್ದಿದೆ. ಅವುಗಳಲ್ಲಿ ನಸ್ಯದ ಡಬ್ಬಿಗಳಿವೆ, ಭೇಟಿಗೆ ಹೋದ ಮನೆಯಲ್ಲಿ ಬಿಟ್ಟುಬರುವ ಹೆಸರಿನ ಚೀಟಿಗಳನ್ನು ಇಡುವ ತೆಳ್ಳಗಿನ ಕೋಶಗಳಿವೆ, ಎಲ್ಲಕ್ಕಿಂತ ಚೆಲುವಾದ ವಿನೆಗ್ರೆಟ್‌ಗಳಿವೆ. ವಿನೆಗ್ರೆಟ್ ಎಂದರೆ ಮೂರು ನಾಲ್ಕು ಸೆಂಟಿಮೀಟರಿನ ಪೆಟ್ಟಿಗೆ; ಮುಚ್ಚಳ ತೆರೆದರೆ ಒಳಗೆ ಬಳ್ಳಿಯಂತೆ ಕತ್ತರಿಸಿದ ಇನ್ನೊಂದು ಜಾಲರಿ, ಅದರ ಅಡಿಯಲ್ಲಿ ಪರಿಮಳದ ವಿನಿಗರಿನಲ್ಲಿ ಅದ್ದಿದ ಸ್ಪಂಜಿನ ತುಂಡು. ಚರಂಡಿಯ ನಾತ ತಾಳಲಾರದ ಹೆಂಗಸರು ಅದನ್ನು ಮೂಗಿಗೆ ಹಿಡಿಯುತ್ತಿದ್ದರಂತೆ. ಅತ್ತರು ಹನಿಸಿದ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸಿಕೊಂಡು ಶುಕ್ರವಾರದ ನಮಾಜಿಗೆ ಹೊರಡುವ ತಳಂಗರೆಯ ಹಿರಿಯರನ್ನು ಕಂಡು ಬೆಳೆದ ನನಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಲಿಲ್ಲ. ವಿನಿಗರು ಬೆಳ್ಳಿಯನ್ನು ಕೆಡಿಸುವುದರಿಂದ ಒಳಗಡೆಗೆ ಚಿನ್ನದ ಲೇಪ ಕೊಡುತ್ತಿದ್ದರು. ಆ ಲೇಪ ಎಷ್ಟು ಉಳಿದಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ, ಚಿತ್ರವನ್ನು ಆಮೇಲೆ.

ಈ ಕೋಟೆಗಳ ಹುಚ್ಚಿಗೆ ಕಾರಣರಾದವರಲ್ಲಿ ವಾಲ್ಟರ್ ಸ್ಕಾಟ್ ಪ್ರಮುಖರು. ಅವರ ಕಾದಂಬರಿಗಳನ್ನು ಓದಿದ ಜನ ಕೆನಿಲ್‌ವರ್ತಿನ ಪಾಳುಕೋಟೆಯನ್ನು ನೋಡಲು ಹೊರಟರು. 1832ರಲ್ಲಿ ಅವರು ತೀರಿಹೋದ ಮೇಲೆ ಟ್ವೀಡ್ ನದಿಯ ದಡದಲ್ಲಿರುವ ಅವರ ಮನೆ ಆ್ಯಬಟ್ಸ್‌ಫರ್ಡೇ ಒಂದು ಯಾತ್ರಾಸ್ಥಳವಾಯಿತು. 1838ರಲ್ಲಿ ಲಂಡನ್ನಿಗೂ ಬರ್ಮಿಂಗ್‌ಹ್ಯಾಮಿಗೂ ನಡುವೆ ರೈಲು ಪೂರ್ತಿಯಾಗಿ ಓಡತೊಡಗಿದಾಗ, ನೋಡಿ ಬಂದದ್ದಕ್ಕೆ ಗುರುತೊಂದನ್ನು ಕೊಂಡುಕೊಳ್ಳುವ ಮಧ್ಯಮವರ್ಗದವರೂ ಸಿದ್ಧರಾಗಿದ್ದರು. ಉಕ್ಕಿನ ಅಚ್ಚಿನಲ್ಲಿ ತೆಳುವಾದ ಬೆಳ್ಳಿಯ ತಗಡನ್ನು ಒತ್ತಿ ಉಬ್ಬುಚಿತ್ರ ತೆಗೆಯುವ ವಿದ್ಯೆಯಲ್ಲಿ ಬರ್ಮಿಂಗ್‌ಹ್ಯಾಮಿನವರನ್ನು ಮೀರಿಸುವವರಿರಲಿಲ್ಲ. ನತಾನಿಯೆಲ್ ಮಿಲ್ಸ್, ಜೋಸೆಫ್ ವಿಲ್ಮೋರ್, ಟೇಲರ್ ಆ್ಯಂಡ್ ಪೆರಿ ಇವರೆಲ್ಲ ಆ ಊರಿನವರು. ಇವರಲ್ಲಿ ಮಿಲ್ಸ್ ಅವರ ಡಬ್ಬಿಗಳಿಗೆ ಇಂದಿಗೂ ವಿಶೇಷ ಬೆಲೆ. ಅಚ್ಚೊತ್ತುವವನು ಮಾತ್ರ ಕೋಟೆಯನ್ನು ನೋಡಬೇಕಾಗಿರಲಿಲ್ಲ. ಅವನ ಮುಂದೆ ಇದ್ದದ್ದು ಕಾಗದದ ಮೇಲೆ ಅಚ್ಚಾದ ಚಿತ್ರ. ಬೇರೆ ಬೇರೆ ಕೆಲಸಗಾರರ ವಿಂಡ್ಸರ್ ಅರಮನೆಗಳು ಒಂದೇ ಕೋನದಿಂದ, ಒಂದೇ ಮರದ ನೆರಳಿನಲ್ಲಿ ಕಾಣುವುದನ್ನು ನೋಡಿದಾಗ ನಮ್ಮ ಕ್ಯಾಲೆಂಡರುಗಳ ಬೇಕಲ ಕೋಟೆ ನನಗೆ ನೆನಪಾಗುತ್ತದೆ. ವಿಂಡ್ಸರ್, ವಾರಿಕ್, ಆ್ಯಬಟ್ಸ್‌ಫರ್ಡ್ ಇವು ಹೆಚ್ಚಾಗಿ ಸಿಗುವಂಥವು. ಅಪರೂಪದ ಕಟ್ಟಡಕ್ಕೆ, ಅದು ಎಷ್ಟೇ ಮಂಕಾಗಿರಲಿ, ದುಪ್ಪಟ್ಟು ಬೆಲೆ. ಚೆಲುವಿಗಿಂತ ಕೊರತೆಗೆ ಹಣ ಕೊಡುವ ಈ ರೂಢಿ ನನಗೆ ಹಿಡಿಸಿಲ್ಲ. ಹಿಡಿಸಿದ್ದರೂ ಕೊಡುವಷ್ಟು ಹಣವಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನನ್ನಲ್ಲಿರುವ ಒಂದೇ ಒಂದು ಕ್ಯಾಸಲ್ ಟಾಪ್ ಆ್ಯಬಟ್ಸ್‌ಫರ್ಡಿನದು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ತಂದುಕೊಟ್ಟದ್ದು. ಉಬ್ಬುಚಿತ್ರದ ಕಷ್ಟವೆಂದರೆ ಎತ್ತರವಾಗಿರುವುದೇ ಮೊದಲು ಸವೆಯುತ್ತದೆ. ನನ್ನ ಆ್ಯಬಟ್ಸ್‌ಫರ್ಡಿಗೆ ಗೋಪುರಗಳೇ ಇಲ್ಲ, ಅಂಗಳದ ಹುಲ್ಲು ಮಾತ್ರ ಎಳೆ ಎಳೆಯಾಗಿ ಉಳಿದಿದೆ. “ಮಾವ, ಸವೆದದ್ದು ಬೇಡವಾಗಿತ್ತೋ ಏನೋ” ಎಂದು ಅವನು ಸಂಕೋಚಪಟ್ಟ. ಸವೆಯದಿದ್ದರೆ ಅದು ಅವನ ಸಂಬಳಕ್ಕೂ ಎಟುಕುತ್ತಿರಲಿಲ್ಲ.

ಆ ಡಬ್ಬಿಯ ಒಳಗಿನ ಮುದ್ರೆಗಳನ್ನು ಭೂತಕನ್ನಡಿಯಲ್ಲಿ ಓದಲು ಕಲಿತದ್ದೇ ನನಗೆ ಒಂದು ಹೊಸ ಅಕ್ಷರಾಭ್ಯಾಸ. ನಡೆಯುತ್ತಿರುವ ಸಿಂಹವಿದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿಯದು. ಸಮುದ್ರದ ಸುಳಿವೇ ಇಲ್ಲದ ಊರಿಗೆ ಲಂಗರು ಹೇಗೆ ಬಂತೆಂಬುದಕ್ಕೆ ಒಂದು ಕಥೆಯಿದೆ: 1773ರಲ್ಲಿ ಬರ್ಮಿಂಗ್‌ಹ್ಯಾಮಿಗೂ ಶೆಫೀಲ್ಡಿಗೂ ಒಟ್ಟಿಗೆ ಕಚೇರಿಗಳು ಮಂಜೂರಾದಾಗ, ಅದಕ್ಕಾಗಿ ಓಡಾಡಿದವರು ಲಂಡನ್ನಿನ ‘ಕ್ರೌನ್ ಆ್ಯಂಡ್ ಆ್ಯಂಕರ್’ ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರಂತೆ, ಅದರ ಫಲಕದಿಂದಲೇ ಕಿರೀಟ ಶೆಫೀಲ್ಡಿಗೂ ಲಂಗರು ಬರ್ಮಿಂಗ್‌ಹ್ಯಾಮಿಗೂ ಹಂಚಿಕೆಯಾಯಿತಂತೆ. ಇವುಗಳ ಜೊತೆ ವರ್ಷವನ್ನು ಸೂಚಿಸುವ ಒಂದು ಅಕ್ಷರ, ಮಾಡಿದವನ ಹೆಸರಿನ ಮೊದಲಕ್ಷರಗಳು, ತೆರಿಗೆ ಸಂದಾಯವಾಗಿದೆ ಎನ್ನುವುದಕ್ಕೆ ಅರಸನ ಅಥವಾ ಅರಸಿಯ ತಲೆ ಇರುತ್ತವೆ. ಆ ತೆರಿಗೆ 1784ರಿಂದ 1890ರ ವರೆಗೆ ಮಾತ್ರ ಇತ್ತು. ಮುಚ್ಚಳಕ್ಕೂ ಅಡಿಭಾಗಕ್ಕೂ ಬೇರೆ ಬೇರೆಯಾಗಿ ಮುದ್ರೆ ಬಿದ್ದಿರಬೇಕು. ಅವು ಒಂದಕ್ಕೊಂದು ಹೊಂದದಿದ್ದರೆ ಬರಿಯ ಡಬ್ಬಿಗೆ ಯಾರೋ ಆಮೇಲೆ ಕೋಟೆಯ ಮುಚ್ಚಳವನ್ನು ಕೂರಿಸಿದ್ದಾರೆ ಎಂದೇ ಸಂಶಯಪಡಬೇಕು.

ಮುದ್ರೆ ಒಂದು ವರ್ಷ ಹೇಳುತ್ತದೆ, ಚಿತ್ರ ಇನ್ನೊಂದು ವರ್ಷ ಹೇಳುತ್ತದೆ. ಇವೆರಡೂ ರಾಜಿಯಾಗದ ಡಬ್ಬಿಯನ್ನು ಕೊಳ್ಳಬಾರದು ಎಂಬ ನಿಯಮವನ್ನು ನಾನು ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿನ ವ್ಯಾಪಾರಿಯೊಬ್ಬರು, 1911ರ ದೆಹಲಿ ದರ್ಬಾರಿನ ನೆನಪಿಗಾಗಿ ಮಾಡಿಸಿದ್ದೆಂದು ಹೇಳಿ, ಬೆಳ್ಳಿಯ ತೂಕದ ಮೂರು ಪಟ್ಟು ಬೆಲೆಗೆ ಒಂದು ಡಬ್ಬಿಯನ್ನು ನನ್ನ ಮುಂದಿಟ್ಟರು. ಮುಚ್ಚಳದಲ್ಲಿ ಬೊಂಬಾಯಿಯ ಗೇಟ್‌ವೇ ಆಫ್ ಇಂಡಿಯಾ ನಾಲ್ಕು ಗುಮ್ಮಟಗೋಪುರಗಳ ಸಮೇತ ವಿರಾಜಮಾನವಾಗಿತ್ತು. ಐದನೆಯ ಜಾರ್ಜ್ 1911ರ ಡಿಸೆಂಬರಿನಲ್ಲಿ ಆ ಧಕ್ಕೆಯಲ್ಲಿ ಇಳಿದದ್ದು ನಿಜ. ಆದರೆ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1913ರಲ್ಲಿ, ಅದು ಉದ್ಘಾಟನೆಯಾದದ್ದು 1924ರ ಡಿಸೆಂಬರಿನಲ್ಲಿ. ನಾನು ಇದನ್ನು ಮನೆಗೆ ಬಂದ ಮೇಲೆ ಓದಿದೆ. ಅಂದರೆ ಹಣ ಕೊಟ್ಟ ಮೇಲೆ. ಬಸ್ಸು ಹಿಡಿದು ಹಿಂದಕ್ಕೆ ಹೋದಾಗ ಅವರು, “ರಾಜರು ಬರುವ ಮೊದಲೇ ನಕ್ಷೆ ಆಗಿರಬಹುದಲ್ಲ ಸಾರ್” ಎಂದು ನಗುಮುಖದಿಂದ ಹೇಳಿ ಚಾ ತರಿಸಿದರು. ಹಣ ಬರಲಿಲ್ಲ, ಚಾ ಚೆನ್ನಾಗಿತ್ತು. ಆ ಡಬ್ಬಿಯನ್ನು ಹನ್ನೊಂದರ ಲೆಕ್ಕದಲ್ಲಿ ಸೇರಿಸಿಯೇ ಇಟ್ಟುಕೊಂಡಿದ್ದೇನೆ.

ಆಮೇಲಿನ ದಿನಗಳಲ್ಲಿ ಕಟ್ಟಡಗಳ ಜಾತಕ ನೋಡುವುದೇ ನನ್ನ ಅಭ್ಯಾಸವಾಯಿತು. ಲಂಡನ್ನಿನ ಗಾಜಿನ ಅರಮನೆಯನ್ನೇ ನೋಡಿ. 1851ರ ಮಹಾಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ನಿಂತಿದ್ದಾಗ ಅದರ ಅಡ್ಡಸಾಲಿಗೆ ಮಾತ್ರ ಕಮಾನಿನ ಮಾಡು ಇತ್ತು. ಬಿಚ್ಚಿ ಸಿಡೆನ್‌ಹ್ಯಾಮಿಗೆ ಸಾಗಿಸಿ 1854ರಲ್ಲಿ ಮತ್ತೆ ತೆರೆದಾಗ ಉದ್ದಸಾಲಿಗೂ ಕಮಾನು ಬಂತು. ಅದು 1936ರಲ್ಲಿ ಸುಟ್ಟುಹೋಯಿತು. ಚಿತ್ರದಲ್ಲಿ ಮಾಡು ಹೇಗಿದೆ ಎಂದು ನೋಡಿದರೆ ಅದು ಯಾವ ಕಟ್ಟಡ ಎಂದು ಹೇಳಬಹುದು. ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೂ ಇದೇ ಕಥೆ: ಹಳೆಯದು 1834ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾದದ್ದರಿಂದ, ನಾವು ಇಂದು ಗುರುತಿಸುವ ಗೋಪುರಗಳು 1830ರ ಮುದ್ರೆಯ ಡಬ್ಬಿಯ ಮೇಲೆ ಇದ್ದರೆ ಯಾರೋ ನಮ್ಮನ್ನು ಮಂಗ ಮಾಡುತ್ತಿದ್ದಾರೆ ಎಂದರ್ಥ.

ಕಾಸರಗೋಡಿನಲ್ಲಿ ಬೆಳ್ಳಿಯನ್ನು ಇಟ್ಟುಕೊಳ್ಳುವುದೇ ಒಂದು ವ್ರತ. ಜೂನಿನಿಂದ ಸಪ್ಟೆಂಬರಿನ ವರೆಗೆ ಗೋಡೆಗಳೇ ಬೆವರುವ ನಮ್ಮ ಮನೆಗಳಲ್ಲಿ ಬೆಳ್ಳಿ ವಾರದೊಳಗೆ ಹಳದಿಗೆ ತಿರುಗಿ, ತಿಂಗಳೊಳಗೆ ಕಪ್ಪಾಗುತ್ತದೆ. ತೊಳೆದ ಹಳೆಯ ಹತ್ತಿಯ ಪಂಚೆಯಲ್ಲಿ ಸುತ್ತಿ, ಎರಡು ಮೂರು ಸೀಮೆಸುಣ್ಣದ ತುಂಡುಗಳೊಡನೆ ಬಿಗಿಯಾದ ಪೆಟ್ಟಿಗೆಯಲ್ಲಿ ಇಟ್ಟರೆ ತೇವ ಸ್ವಲ್ಪ ದೂರವಿರುತ್ತದೆ. ರಬ್ಬರ್ ಬ್ಯಾಂಡ್ ಹಾಕಬಾರದು. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಗೆ ಶತ್ರು. ಮುಚ್ಚಳ ಬಿಚ್ಚದಿರಲೆಂದು ನಾನು ಒಮ್ಮೆ ಹಾಕಿದ್ದ ಬ್ಯಾಂಡು ತಾಜಮಹಲಿನ ಗುಮ್ಮಟದ ನಡುವೆ ಎಳೆದ ಕಪ್ಪು ಪಟ್ಟಿ ಇನ್ನೂ ಹೋಗಿಲ್ಲ. ತೊಳೆಯಲೇಬೇಕಾದರೆ ಅಂಟುವಾಳದ ನೊರೆ ಸಾಕು. ನಿಯೆಲ್ಲೊ ಇದ್ದರೆ ಒಣ ಬಟ್ಟೆಯಲ್ಲಿ ಒರಸುವುದು, ಅಷ್ಟೇ.

ಹಳೆಯ ಬೆಳ್ಳಿಗೆ ಮಳೆಗಿಂತ ದೊಡ್ಡ ಶತ್ರು ತಕ್ಕಡಿ. ಮದುವೆಯೋ ಗೃಹಪ್ರವೇಶವೋ ಬಂದಾಗ ಅಜ್ಜಿಯ ಕುಂಕುಮದ ಭರಣಿ, ಸುಣ್ಣದ ಡಬ್ಬಿ, ಪನ್ನೀರುದಾನಿಗಳೆಲ್ಲ ಒಂದು ಕೈಚೀಲದಲ್ಲಿ ಪೇಟೆಗೆ ಹೋಗಿ, ವೇಸ್ಟೇಜ್ ಕಳೆದು, ಹೊಳೆಯುವ ಹೊಸ ಲೋಟಗಳಾಗಿ ಹಿಂದಿರುಗುತ್ತವೆ. ಯಾರನ್ನೂ ದೂರುವಂತಿಲ್ಲ, ಬೆಳ್ಳಿ ನಮಗೆ ಯಾವಾಗಲೂ ಕಷ್ಟಕಾಲದ ಹಣವಾಗಿತ್ತು. ಆದರೆ ಕರಗುವ ಮೊದಲು ಒಂದು ಫೋಟೋ ತೆಗೆಯಿರಿ ಎಂದು ನೆಂಟರಿಷ್ಟರಲ್ಲಿ ಬೇಡಿಕೊಳ್ಳುತ್ತಿರುತ್ತೇನೆ. ದೋಹಾದಲ್ಲಿರುವ ಸೋದರಸಂಬಂಧಿಯೊಬ್ಬರು ಇಂಥದ್ದೊಂದನ್ನು ಅಲ್ಲಿನ ಶೋಕೇಸಿಗೆ ಕೊಂಡೊಯ್ಯುವೆನೆಂದಾಗ, ನೂರು ವರ್ಷ ದಾಟಿದ ಕಲಾವಸ್ತುವನ್ನು ದೇಶದ ಹೊರಗೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆ ಎಂದು ನೆನಪಿಸಬೇಕಾಯಿತು. ಅವರಿಗೆ ಸಿಟ್ಟು ಬಂತು, ಡಬ್ಬಿ ಉಳಿಯಿತು.

ನಮ್ಮ ಊರಿನ ಹಳೆಯ ಬೆಳ್ಳಿಯ ಮೇಲೆ ನವಿಲು, ಹಂಸ, ಮಾವಿನಕಾಯಿ, ಗಜಲಕ್ಷ್ಮಿ ಎಲ್ಲವನ್ನೂ ಕಂಡಿದ್ದೇನೆ, ಕಟ್ಟಡವನ್ನು ಕಂಡಿಲ್ಲ. ಮಧೂರು ದೇವಸ್ಥಾನದ ಆನೆಬೆನ್ನಿನ ಆಕಾರದ ಅಂತಸ್ತಿನ ಮಾಡು ಬೆಳ್ಳಿಯ ಮುಚ್ಚಳಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ, ನಲವತ್ತು ಎಕರೆಯ, ಸಮುದ್ರಕ್ಕೆ ಚಾಚಿಕೊಂಡ ಬೇಕಲ ಕೋಟೆಯೂ ಹಾಗೆಯೇ. ದಿನವೂ ಕಾಣುವುದನ್ನು ಡಬ್ಬಿಯ ಮೇಲೆ ಯಾಕೆ ಕೆತ್ತಬೇಕು ಎಂದು ನಮ್ಮವರು ಎಣಿಸಿರಬೇಕು. ಕೊಳ್ಳುವ ಪರವೂರಿನವನಿಲ್ಲದೆ ಇಂಥ ಡಬ್ಬಿ ಎಲ್ಲಿಯೂ ಹುಟ್ಟಿದ್ದಿಲ್ಲ.

ಕಳೆದ ಚೌತಿಯ ಬಳಿಕ, 120 ಗ್ರಾಮಿನ ಒಂದು ಬರಿಯ ಡಬ್ಬಿಯನ್ನು ಹಿಡಿದು ಅದೇ ಆಚಾರಿಯವರ ಮನೆಗೆ ಹೋಗಿ ಬೇಕಲದ ವೀಕ್ಷಣಾ ಗೋಪುರವನ್ನು ಕೆತ್ತಿಕೊಡಬೇಕೆಂದೆ. ಅವರಿಗೆ ಈಗ ವಯಸ್ಸಾಗಿದೆ. ದೇವಸ್ಥಾನಗಳ ಪ್ರಭಾವಳಿಯ ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ. ನಾನು ಕೊಟ್ಟ ಫೋಟೋಗಳನ್ನು ಬದಿಗಿಟ್ಟು, ಒಂದು ಬೆಳಗ್ಗೆ ಮಗನ ಬೈಕಿನಲ್ಲಿ ಕುಳಿತು ಕೋಟೆಗೆ ಹೋಗಿ ಬಂದರಂತೆ. ಗೋಪುರ ಸುಲಭ, ಕೆಂಪು ಮುರಕಲ್ಲನ್ನು ಚುಕ್ಕಿ ಹೊಡೆದು ತೋರಿಸಬಹುದು, ಸಮುದ್ರವೇ ಕಷ್ಟ ಎಂದರು. ಅವರ ಉಳಿ ನವಿಲಿನ ಗರಿಗೆ ಪಳಗಿದ್ದರಿಂದಲೋ ಏನೋ, ತೆರೆಗಳೆಲ್ಲ ಸ್ವಲ್ಪ ಗರಿಯ ಹಾಗೆಯೇ ಸುರುಳಿ ಸುತ್ತಿಕೊಂಡಿವೆ. ನನಗೆ ಅದು ತುಂಬ ಇಷ್ಟವಾಯಿತು.

ಕೆಲಸ ಮುಗಿಯುವ ಹೊತ್ತಿಗೆ, ಮುಚ್ಚಳದ ಒಳಗಡೆ ಅವರ ಹೆಸರನ್ನೂ ವರ್ಷವನ್ನೂ ಕೊರೆಯಬೇಕೆಂದು ಕೇಳಿಕೊಂಡೆ. ಅಮಾರದ ಸಹಿಯನ್ನು ತೋರಿಸಿದೆ, ಮಿಲ್ಸ್‌ನ ಕಥೆ ಹೇಳಿದೆ. ಅವರು ಎಲೆ ಅಡಿಕೆ ಉಗುಳಿ ಬಂದು ಕುಳಿತು, “ಹೆಸರೆಲ್ಲ ಯಾಕೆ ಮಾರಾಯ್ರೆ, ನನ್ನ ಅಪ್ಪ ಹಾಕಿದ್ದಾರಾ? ವರ್ಷವೂ ಬೇಡ. ತೂಕ ಹಾಕುತ್ತೇನೆ. ನಾಳೆ ನಿಮ್ಮ ಮಕ್ಕಳು ಅಂಗಡಿಗೆ ಕೊಂಡುಹೋದರೆ ಅವರಿಗೆ ಉಪಕಾರ ಆದೀತು” ಎಂದು ಹೇಳಿ, ಗೋಪುರದ ನೇರ ಹಿಂಬದಿಯಲ್ಲಿ 118 ಎಂದು ಚೊಕ್ಕವಾಗಿ ಕೊರೆದುಕೊಟ್ಟರು. ಎರಡು ಗ್ರಾಮು ಕೆತ್ತನೆಯಲ್ಲಿ ಹೋಗಿತ್ತು. ಆ ಬೆಳ್ಳಿಯ ಪುಡಿಯನ್ನೂ ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೈಗಿತ್ತರು.